ಮಳೆಗಾಲದ ಕರೆಂಟಿಗೆ ಹೆದರದ ಮನೆ ಸರ್ವರ್

ತೀರ್ಥಹಳ್ಳಿ, ಹೊಸನಗರ ಕಡೆಯವರು ಮನೆ ಸರ್ವರ್ (ಮನೆಯವರೆಲ್ಲರ ಫೋನಿನ ನಂಬರು, ಕ್ಯಾಲೆಂಡರ್ ಒಂದೇ ಆಗಿರುವಂತೆ ನೋಡಿಕೊಳ್ಳಲು ಮನೆಯಲ್ಲೇ ಇಡುವ ಕಂಪ್ಯೂಟರ್) ವಿಚಾರ ತೆಗೆದರೆ ಮೊದಲ ಪ್ರಶ್ನೆ ಇದೇ: ‘ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೇ ಇರಲ್ಲ, ಆಗೇನ್ ಮಾಡೋದು ಸಾರ್?’ ಬರೀ ಫೋನ್ ನಂಬರು, ಕ್ಯಾಲೆಂಡರ್ ಮಟ್ಟಿಗಾದರೆ ಏನೂ ಮಾಡಬೇಕಿಲ್ಲ. ಅವೆಲ್ಲ ಪ್ರತಿ ಫೋನಿನಲ್ಲೂ ಇದ್ದೇ ಇರುತ್ತವೆ. ಒಂದರಲ್ಲಿ ಬದಲಾದದ್ದನ್ನು ಉಳಿದವಕ್ಕೆ ದಾಟಿಸುವುದಷ್ಟೇ, ಅಂದರೆ ಸಿಂಕ್ ಮಾಡುವುದಷ್ಟೇ, ಸರ್ವರ್ ಕೆಲಸ. ಎರಡು ದಿನ ಆಫ್ ಆಗಿದ್ದರೂ ಕರೆಂಟ್ ಬಂದ ಮೇಲೆ ಸರಿಹೊಂದಿಸಿಕೊಳ್ಳುತ್ತದೆ. ಅಷ್ಟರಲ್ಲಿ ಅಪ್ಪ, ಮಗ ಇಬ್ಬರೂ ಒಂದೇ ನಂಬರನ್ನು ಬೇರೆಬೇರೆ ರೀತಿ ತಿದ್ದಿದ್ದರೆ ಮಾತ್ರ ಒಬ್ಬರದ್ದು ಹೋಗುತ್ತದೆ.

ಕ್ಯಾಲೆಂಡರಿಗೆ ಕ್ಯಾಲ್‌ಡ್ಯಾವ್ (2007), ನಂಬರುಗಳಿಗೆ ಕಾರ್ಡ್‌ಡ್ಯಾವ್ (2011) ಎಂಬ ಮುಕ್ತ ಮಾನದಂಡಗಳಿವೆ. ಐಫೋನ್, ಕಂಪ್ಯೂಟರಿನ ಮೇಲ್ ಆ್ಯಪ್ ಆದ ಥಂಡರ್‌ಬರ್ಡ್‌ಗಳಿಗೆ ಇವು ಹಾಗೇ ಅರ್ಥವಾಗುತ್ತವೆ. ಆಂಡ್ರಾಯ್ಡ್‌ಗೆ ಡ್ಯಾವ್‌ಎಕ್ಸ್5 ಆ್ಯಪ್ ಬೇಕು. ಪ್ಲೇ ಸ್ಟೋರ್‌ನಲ್ಲಿ ದುಡ್ಡು ಕೊಡಬೇಕು, ಎಫ್-ಡ್ರಾಯ್ಡ್ ಎಂಬ ಇನ್ನೊಂದು ಆ್ಯಪ್ ಅಂಗಡಿಯಲ್ಲಿ ಉಚಿತ. ಸರ್ವರಿಗೆ ನಾನು ಹಾಕುವ ತಂತ್ರಾಂಶ ರ‍್ಯಾಡಿಕೇಲ್. ನೆಕ್ಸ್ಟ್‌ಕ್ಲೌಡ್ ಎಂಬ ದೊಡ್ಡ ತಂತ್ರಾಂಶವೂ ಒಳ್ಳೆಯದೇ, ಆದರೆ ಇಷ್ಟು ಕೆಲಸಕ್ಕೆ ಭಾರ. ಎಲ್ಲರೂ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಎನ್ನುತ್ತಾರೆ. ಕರೆಂಟ್ ಪಟ್ಟನೆ ಹೋದಾಗ ಅದರ ಮೆಮೊರಿ ಕಾರ್ಡ್ ಕೆಡುವ ಭಯವಿದೆ. ಬ್ಯಾಟರಿ ಇನ್ನೂ ನಿಲ್ಲುವ ಹಳೇ ಲ್ಯಾಪ್‌ಟಾಪ್ ಇದ್ದರೆ ನಮ್ಮ ಮಲೆನಾಡಿಗೆ ಅದೇ ವಾಸಿ.

ಮನೆಗೆಲ್ಲ ಸೇರಿ ಒಂದು ಸಾಮಾನ್ಯ ಖಾತೆ ಮಾಡಿ. ಅಡಿಕೆ ಕೊನೆ ಇಳಿಸುವ ಕೊನೆಗೌಡನ ಹೊಸ ನಂಬರು, ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ದಿನ, 40-45 ದಿನ ಬಿಟ್ಟು ಮುಂದಿನ ಸಲದ್ದು, ಎಲ್ಲ ಅದರಲ್ಲಿರಲಿ.

ಹಳೇ ನಂಬರುಗಳನ್ನು ಸೇರಿಸುವಾಗ ಕನ್ನಡದ ಹೆಸರುಗಳು ತಕರಾರು ತೆಗೆಯುತ್ತವೆ. ಫೋನಿನಿಂದ ಹೊರತೆಗೆದ ವಿಸಿಎಫ್ (ನಂಬರುಗಳ ಪಟ್ಟಿಯ) ಫೈಲಿನಲ್ಲಿ ಹೆಸರಿನ ಜಾಗದಲ್ಲಿ ‘=E0=B2=95’ ಥರದ ಸಾಲು ಕಂಡರೆ ಗಾಬರಿ ಬೇಡ. ಈ ಮೂರು ತುಂಡು ಸೇರಿ ‘ಕ’ ಅಕ್ಷರ. ವಿಕಾರ್ಡ್ 2.1 ಎಂಬ ಹಳೇ ನಮೂನೆ ಹಾಗೇ ಬರೆಯುತ್ತದೆ. ಅದನ್ನು ನೇರ ಸರ್ವರಿಗೆ ಹಾಕಬೇಡಿ. ಫೋನಿನ ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲೇ ತೆರೆದು, ಡ್ಯಾವ್‌ಎಕ್ಸ್5 ಖಾತೆಗೆ ಇಂಪೋರ್ಟ್ ಮಾಡಿ.

‘ಹೊಸ ನಂಬರ್ ಇನ್ನೊಂದು ಫೋನಿಗೆ ಬರ್ತಾನೇ ಇಲ್ಲ’ ಎಂಬ ದೂರು ಬಂದರೆ ನಾನು ಸರ್ವರ್ ಮುಟ್ಟುವುದೇ ಇಲ್ಲ. ನಂಬರು ಸಿಮ್ಮಿಗೋ ಗೂಗಲ್ ಖಾತೆಗೋ ಸೇವ್ ಆಗಿರುತ್ತದೆ. ಡೀಫಾಲ್ಟ್ ಖಾತೆ ಬದಲಿಸಿ, ಡ್ಯಾವ್‌ಎಕ್ಸ್5ಗೆ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಡಿ.

ಶಿವಮೊಗ್ಗ ಪೇಟೆಯಲ್ಲಿರುವಾಗಲೂ ಸಿಂಕ್ ಆಗಬೇಕೆ? ರೌಟರಿನಲ್ಲಿ 5232 ಪೋರ್ಟ್ (ಸರ್ವರಿಗೆ ಹೋಗುವ ಬಾಗಿಲು) ತೆರೆದು ಸರ್ವರನ್ನು ಊರಿಗೆಲ್ಲ ಕಾಣುವಂತೆ ಇಡಬೇಡಿ. ಎಷ್ಟೋ ಕಡೆ ಒಂದೇ ಐಪಿ (ಇಂಟರ್ನೆಟ್) ವಿಳಾಸವನ್ನು ಹಲವು ಮನೆಗೆ ಹಂಚಿರುವುದರಿಂದ ತೆರೆದರೂ ಕೆಲಸ ಮಾಡುವುದಿಲ್ಲ. ಫೋನನ್ನೂ ಸರ್ವರನ್ನೂ ಖಾಸಗಿಯಾಗಿ ಬೆಸೆಯುವ ಟೇಲ್‌ಸ್ಕೇಲ್ ಹಾಕಿ. ಅಥವಾ ಸಂಜೆ ಮನೆ ವೈಫೈಗೆ ಬಂದಾಗ ಸಿಂಕ್ ಆದರೆ ಸಾಕು ಅನ್ನಿ, ಬಹಳ ಮನೆಗೆ ಅಷ್ಟೇ ಸಾಕು.

ಸಿಂಕ್ ಇದೆಯೆಂದು ಬ್ಯಾಕಪ್ ಬಿಡುವಂತಿಲ್ಲ. ಮೊಮ್ಮಗು ಒಂದು ಫೋನಿನಲ್ಲಿ ಅಳಿಸಿದ್ದು ಎಲ್ಲ ಫೋನಿನಿಂದಲೂ ಅಳಿಯುತ್ತದೆ. ರ‍್ಯಾಡಿಕೇಲ್‌ನಲ್ಲಿ ಒಬ್ಬೊಬ್ಬರ ನಂಬರೂ ಒಂದೊಂದು ಸಾದಾ ಫೈಲು. ಆ ಫೈಲುಗಳಿರುವ ಫೋಲ್ಡರನ್ನು ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ದಿನಾಂಕ ಹಾಕಿ ನಕಲು ಮಾಡಿ, ಹಳೆಯವನ್ನೂ ಒಂದಷ್ಟು ಉಳಿಸಿಕೊಳ್ಳಿ. ಫೈಲಿನ ಹೆಸರು ನೋಡಿ ಯಾರದ್ದೆಂದು ತಿಳಿಯುವುದಿಲ್ಲ. ಒಳಗಿನ ಹೆಸರು ಹುಡುಕಿದರೆ ಸಿಗುತ್ತದೆ. ಅದೊಂದನ್ನೇ ವಾಪಸ್ ಹಾಕಿ, ಮುಂದಿನ ಸಿಂಕ್‌ಗೆ ಎಲ್ಲರ ಫೋನಿಗೂ ಬರುತ್ತದೆ.