ಮಂಡಿ ನೋವಿರುವ ಅಮ್ಮನಿಗೆ ಎಂಥ ಹಾಸಿಗೆ ಒಳ್ಳೆಯದು?

ಪ್ರಶ್ನೆ: ನಾವು ಮೂಡಿಗೆರೆ ಕಡೆಯವರು. ಅಮ್ಮನಿಗೆ 64 ವರ್ಷ. ಎರಡೂ ಮಂಡಿ ನೋವು. ಈಚೆಗೆ ಕೈಬೆರಳಿನ ಗೆಣ್ಣುಗಳೂ ಹಿಡಿದುಕೊಳ್ಳುತ್ತಿವೆ. ರಾತ್ರಿ ನಾಲ್ಕೈದು ಸಲ ಎಚ್ಚರವಾಗುತ್ತದೆ ಅಂತಾರೆ. ಈಗಿರುವುದು ಹಳೇ ನಾರಿನ ಹಾಸಿಗೆ. ಹೊಸದು ಕೊಡಿಸೋಣ ಅಂತಿದ್ದೇವೆ. ಚಿಕ್ಕಮಗಳೂರಿನ ಅಂಗಡಿಯಲ್ಲಿ ಗಟ್ಟಿ ಆರ್ಥೋ ಹಾಸಿಗೆ ತಗೊಳ್ಳಿ ಅಂದರು. ನೆಂಟರು ಮೆಮೊರಿ ಫೋಮ್ ಅಂತಾರೆ. ಯಾವುದು ತಗೊಳ್ಳೋಣ?

ಉತ್ತರ: ನೀವು ಹೇಳಿದ್ದನ್ನು ನೋಡಿದರೆ ಎರಡೂ ಬೇಡ ಅನ್ನಿಸುತ್ತದೆ. ತೀರಾ ಗಟ್ಟಿಯೂ ಅಲ್ಲದ, ತೀರಾ ಮೆತ್ತಗೂ ಇರದ, ಕೈಯಿಂದ ಒತ್ತಿ ಬಿಟ್ಟ ತಕ್ಷಣ ಮೇಲೇಳುವಂಥ ಹಾಸಿಗೆ ನೋಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಗೆಣ್ಣಿನ ವಿಷಯ. ಅದನ್ನು ದಾಟಿಕೊಂಡು ಹಾಸಿಗೆ ಅಂಗಡಿಗೆ ಹೋಗಬೇಡಿ.

ಬೆಳಿಗ್ಗೆ ಎದ್ದ ಮೇಲೆ ಕೀಲುಗಳು ಎಷ್ಟು ಹೊತ್ತು ಹಿಡಿದುಕೊಂಡಿರುತ್ತವೆ ಅಂತ ಅಮ್ಮನನ್ನು ಕೇಳಿ. ವಯಸ್ಸಾದ ಮೇಲೆ ಬರುವ ಮಂಡಿ ಸವೆತದಲ್ಲಿ ಸ್ವಲ್ಪ ಓಡಾಡಿದರೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಕಾಲು ಸಡಿಲವಾಗುತ್ತದೆ. ಹಿಡಿತ ಒಂದು ಗಂಟೆಗೂ ಜಾಸ್ತಿ ಇದ್ದರೆ, ಎರಡೂ ಕೈಯ ಗೆಣ್ಣುಗಳು ಊದಿಕೊಂಡು ಮುಟ್ಟಿದರೆ ಬೆಚ್ಚಗಿದ್ದರೆ, ಅದು ರುಮಟಾಯ್ಡ್ ಆರ್ಥ್ರೈಟಿಸ್ ಇರಬಹುದು. ಅದು ಸವೆತ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಬೇಗ ಗೊತ್ತಾಗಿ ಔಷಧಿ ಶುರುವಾದರೆ ಕೀಲು ಹಾಳಾಗುವುದನ್ನು ಬಹಳ ಮಟ್ಟಿಗೆ ತಡೆಯಬಹುದು. ತಡವಾದರೆ ಬೆರಳು ಸೊಟ್ಟಗಾಗಬಹುದು. ಎಷ್ಟೇ ಬೆಲೆಯ ಹಾಸಿಗೆ ತಂದರೂ ಇದು ನಿಲ್ಲುವುದಿಲ್ಲ. ಹಾಸನದಲ್ಲೂ ಚಿಕ್ಕಮಗಳೂರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಒಂದು ದಿನ ಬಿಡುವು ಮಾಡಿಕೊಂಡು ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ. ವಯಸ್ಸಾಯ್ತು, ಇದೆಲ್ಲ ಇದ್ದದ್ದೇ ಅಂತ ಅಮ್ಮಂದಿರು ಸುಮ್ಮನಾಗಿಬಿಡುತ್ತಾರೆ. ನೀವು ಸುಮ್ಮನಾಗಬೇಡಿ.

ಈಗ ಹಾಸಿಗೆಗೆ ಬರೋಣ. ನೋವು ಅಂದ ಕೂಡಲೇ ಹಲಗೆ ಮೇಲೆ ಮಲಗಿ, ಗಟ್ಟಿ ಇದ್ದಷ್ಟೂ ಒಳ್ಳೇದು ಅನ್ನುವ ಮಾತು ನಮ್ಮಲ್ಲಿ ಬಹಳ ಹಳೆಯದು. ಇದು ಸೊಂಟ ನೋವಿನವರಿಗೆ ಹೇಳುತ್ತಿದ್ದ ಮಾತು. ಅವರಿಗೂ ಇದು ಅಷ್ಟು ಸರಿಯಲ್ಲ ಅಂತ ಈಗ ಗೊತ್ತಿದೆ. 2003ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನ್ ದೇಶದ ಒಂದು ಅಧ್ಯಯನ ಬಂತು. ಬಹುದಿನದಿಂದ ಸೊಂಟ ನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಉಳಿದವರಿಗೆ ನಡುವಿನ ಗಟ್ಟಿತನದ ಹಾಸಿಗೆ ಕೊಟ್ಟು 90 ದಿನ ನೋಡಿದರು. ನಡುವಿನ ಹಾಸಿಗೆಯಲ್ಲಿ ಮಲಗಿದವರಿಗೇ ನೋವು ಜಾಸ್ತಿ ಇಳಿದಿತ್ತು. ಇದು ಸೊಂಟದ ಮಾತು, ಮಂಡಿಯದ್ದಲ್ಲ. ಆದರೂ ಕೀಲು ನೋವಿರುವವರಿಗೆ ಗಟ್ಟಿ ಹಾಸಿಗೆ ಯಾಕೆ ಕಷ್ಟ ಅಂತ ಅಮ್ಮ ಮಲಗುವ ರೀತಿ ನೋಡಿದರೇ ತಿಳಿಯುತ್ತದೆ. ಮಗ್ಗುಲಾಗಿ ಮಲಗಿದಾಗ ಮೈಭಾರವೆಲ್ಲ ಭುಜ ಮತ್ತು ಸೊಂಟದ ಪಕ್ಕದ ಮೂಳೆಯ ಮೇಲೆ ಬೀಳುತ್ತದೆ. ಕೆಳಗೆ ಒಂದಿಷ್ಟೂ ತಗ್ಗದಿದ್ದರೆ ಅಲ್ಲಿ ಒತ್ತಿ, ನೋವಾಗಿ, ಎಚ್ಚರವಾಗುತ್ತದೆ.

ಆರ್ಥೋ ಅನ್ನುವ ಹೆಸರಿಗೆ ಮರುಳಾಗಬೇಡಿ. ಅದು ಮಾರಾಟಕ್ಕೆ ಇಟ್ಟ ಹೆಸರು. ಯಾವ ಮೂಳೆ ವೈದ್ಯರೂ ನಿಮ್ಮ ಅಮ್ಮನ ಮಂಡಿ ನೋಡಿ ಮಾಡಿದ ಹಾಸಿಗೆ ಅಲ್ಲ ಅದು.

ಮೆಮೊರಿ ಫೋಮ್ ಮೇಲೆ ಕೈಯಿಟ್ಟರೆ ಅಂಗೈ ಆಕಾರಕ್ಕೇ ತಗ್ಗುತ್ತದೆ. ಎಲ್ಲೂ ಒತ್ತುವುದಿಲ್ಲ, ನಿಜ. ನಾಸಾದವರು ಕಂಡುಹಿಡಿದದ್ದು ಅಂತ ಅಂಗಡಿಯವರು ಹೇಳುವುದೂ ಸುಳ್ಳಲ್ಲ. 1966ರಲ್ಲಿ ನಾಸಾಗಾಗಿ ವಿಮಾನದ ಸೀಟಿಗೆಂದು ಮಾಡಿದ್ದು ಅದು. ಕೀಲು ನೋವಿಗೂ ಅದಕ್ಕೂ ಸಂಬಂಧ ಇರಲಿಲ್ಲ. ನನಗೆ ಅದರ ಮೇಲೆ ಎರಡು ಅನುಮಾನ. ಒಂದು, ಮೈ ಒಳಗೆ ಹುದುಗಿಕೊಳ್ಳುವುದರಿಂದ ಮಗ್ಗುಲು ಬದಲಿಸುವುದು ಕಷ್ಟ. ಮಂಡಿ ಊರಿ, ಕೈ ಊರಿ, ಗುಳಿಯಿಂದ ಮೈಯನ್ನು ಎತ್ತಬೇಕು. ಮಂಡಿ ಮತ್ತು ಗೆಣ್ಣು ಎರಡೂ ನೋಯುವವರು ರಾತ್ರಿ ಎಷ್ಟು ಸಲ ಅದನ್ನು ಮಾಡಿಯಾರು? ಎರಡು, ಚಳಿಗೆ ಅದು ಗಟ್ಟಿಯಾಗುತ್ತದೆ, ಮೈಶಾಖ ತಾಗಿದ ಮೇಲೆ ಮೆತ್ತಗಾಗುತ್ತದೆ. ಡಿಸೆಂಬರ್ ರಾತ್ರಿ ನಿಮ್ಮ ಕಡೆಯ ಥಂಡಿಗೆ ಮಲಗಿದ ಹೊಸದರಲ್ಲಿ ಒಂಥರಾ, ಆಮೇಲೆ ಒಂಥರಾ ಆಗಿಬಿಡುತ್ತದೆ.

ಅದಕ್ಕೇ ಒತ್ತಿದ ತಕ್ಷಣ ಮೇಲೇಳುವಂಥದ್ದು ನೋಡಿ ಅಂದದ್ದು. ಲೇಟೆಕ್ಸ್ ಅಂದರೆ ರಬ್ಬರ್ ಹಾಲಿನಿಂದ ಮಾಡಿದ ಹಾಸಿಗೆ ಹಾಗಿರುತ್ತದೆ. ಬೆಲೆ ಜಾಸ್ತಿ, ತೂಕವೂ ಜಾಸ್ತಿ. ಪಾಕೆಟ್ ಸ್ಪ್ರಿಂಗ್ ಮೇಲೆ ಒಂದೆರಡು ಇಂಚು ಮೆತ್ತನೆ ಪದರ ಇರುವುದೂ ಚೆನ್ನಾಗಿ ಎತ್ತಿಕೊಡುತ್ತದೆ. ಅದರಲ್ಲಿ ಒಂದೊಂದು ಸ್ಪ್ರಿಂಗಿಗೂ ಬೇರೆ ಬೇರೆ ಚೀಲ ಇರುವುದರಿಂದ ಪಕ್ಕದಲ್ಲಿ ಮಲಗಿದವರು ಹೊರಳಿದರೆ ಅಮ್ಮನಿಗೆ ಅಷ್ಟಾಗಿ ತಿಳಿಯುವುದಿಲ್ಲ. ಅಷ್ಟು ದುಡ್ಡು ಬೇಡ ಅಂದರೆ ಒಳ್ಳೆಯ ಸಾಂದ್ರತೆಯ ಸಾದಾ ಫೋಮ್ ಹಾಸಿಗೆಯೂ ಆದೀತು.

ನಾರಿನ ಹಾಸಿಗೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅರಸೀಕೆರೆ, ಕಡೂರಿನಂಥ ಒಣ ಸೀಮೆಯಲ್ಲಿ ಗಾಳಿಯಾಡುತ್ತದೆ, ಸೆಕೆಗೆ ಹಿತವಾಗಿರುತ್ತದೆ. ಮೇಲೊಂದು ತೆಳು ಹತ್ತಿ ಹಾಸಿಗೆ ಹಾಕಿಕೊಂಡರೆ ಸಾಕು. ಮೂಡಿಗೆರೆ, ಸಕಲೇಶಪುರದ ಮಳೆಗಾಲದ ಕಥೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗದ ಕಡೆ ಹಾಸಿಗೆ ಹೇಗೆ ಒಣಗೀತು? ನಾರೂ ಹತ್ತಿಯೂ ತೇವ ಹಿಡಿದು ಬೂಷ್ಟು ಬರುತ್ತದೆ. ಹಾಗಾಗಿ ನಿಮ್ಮ ಕಡೆ ಯಾವ ಹಾಸಿಗೆ ತಂದರೂ ಕೆಳಗೆ ಗಾಳಿಯಾಡಬೇಕು. ಸಂದು ಬಿಟ್ಟು ಪಟ್ಟಿ ಬಡಿದ ಮಂಚ ಒಳ್ಳೆಯದು. ಇಡೀ ಪ್ಲೈವುಡ್ ಹಾಕಿದ್ದರೆ ಅದಕ್ಕೆ ಅಲ್ಲಲ್ಲಿ ತೂತು ಹೊಡೆಸಿ. ಹೊರಕವರ್ ಬಿಚ್ಚಿ ಒಗೆಯುವಂತಿರಲಿ. ಬಿಸಿಲು ಬಂದ ದಿನ ಹಾಸಿಗೆಯನ್ನು ನಿಲ್ಲಿಸಿ ಗಾಳಿಗೆ ಬಿಡಿ. ಲೇಟೆಕ್ಸ್ ಆದರೆ ನೇರ ಬಿಸಿಲಿಗೆ ಹಾಕಬೇಡಿ, ಬೇಗ ಹಾಳಾಗುತ್ತದೆ. ಈ ಎತ್ತುವ ಕೆಲಸ ಮಾತ್ರ ಅಮ್ಮನಿಗೆ ಬಿಡಬೇಡಿ.

ಹಾಸಿಗೆಗಿಂತ ಮಂಚದ ಎತ್ತರ ಮುಖ್ಯ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಇದನ್ನು ಯಾರೂ ಕೇಳುವುದೇ ಇಲ್ಲ. ಅಮ್ಮ ಮಂಚದ ಅಂಚಿನಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಮಂಡಿ ಸೊಂಟದ ಮಟ್ಟಕ್ಕೆ, ಅಥವಾ ಅದಕ್ಕಿಂತ ಸ್ವಲ್ಪ ಕೆಳಗೆ ಇರಬೇಕು. ಮಂಚ ತಗ್ಗಾಗಿದ್ದು ಮಂಡಿ ಮೇಲೆ ಬಂದರೆ, ಏಳುವಾಗ ಪೂರ್ತಿ ಭಾರ ಮಂಡಿಗೆ ಬೀಳುತ್ತದೆ. ರಾತ್ರಿ ಬಚ್ಚಲಿಗೆ ಏಳುವಾಗ ನೋವು ಬರಲು ಬಹಳ ಮನೆಗಳಲ್ಲಿ ಇದೇ ಕಾರಣ. ನೆಲದ ಮೇಲೆ ಹಾಸಿಕೊಂಡು ಮಲಗುವವರ ಪಾಡಂತೂ ಕೇಳಲೇಬೇಡಿ. ಹೊಸ ಹಾಸಿಗೆ ಎಷ್ಟು ಇಂಚು ದಪ್ಪ ಅಂತ ಕೇಳಿ, ಮಂಚದ ಎತ್ತರಕ್ಕೆ ಕೂಡಿಸಿ ನೋಡಿ. ತಗ್ಗಾದರೆ ಬಡಗಿಗೆ ಹೇಳಿ ಮಂಚದ ಕಾಲಿಗೆ ಅಲ್ಲಾಡದ ಹಾಗೆ ಮರದ ದಿಮ್ಮಿ ಕೂಡಿಸಿಕೊಳ್ಳಿ. ಅಂಚೂ ಗಟ್ಟಿಯಾಗಿರಲಿ. ಕೂತ ಕೂಡಲೇ ಕುಸಿಯುವ ಅಂಚಿನಿಂದ ಏಳುವುದು ಕಷ್ಟ.

ಹೊಸ ಹಾಸಿಗೆ ಬೇಕೇ ಬೇಕಾ ಅಂತಲೂ ಒಮ್ಮೆ ನೋಡಿ. ನೆಂಟರ ಮನೆಯಲ್ಲಿ ಮಲಗಿದಾಗ ಅಮ್ಮನಿಗೆ ನಿದ್ದೆ ಚೆನ್ನಾಗಿ ಬರುತ್ತಾ? ಬರುತ್ತೆ ಅಂದರೆ ದೋಷ ಹಾಸಿಗೆಯದ್ದೇ ಇರಬಹುದು. ಹಳೆಯದು ಮಟ್ಟಸವಾಗಿದ್ದು ಬರೀ ಗಟ್ಟಿ ಅನ್ನಿಸಿದರೆ ಮೇಲೆ ಎರಡಿಂಚಿನ ಪದರ ಹಾಸಿ ನೋಡಬಹುದು. ನಡುವೆ ಗುಳಿ ಬಿದ್ದಿದ್ದರೆ ಮೇಲೆ ಏನು ಹಾಸಿದರೂ ಅದೂ ಗುಳಿಗೇ ಇಳಿಯುತ್ತದೆ. ಆಗ ಬದಲಾಯಿಸಲೇಬೇಕು.

ಅಂಗಡಿಗೆ ಅಮ್ಮನನ್ನೇ ಕರೆದುಕೊಂಡು ಹೋಗಿ. ನೀವು ಒತ್ತಿ ನೋಡಿ ಆರಿಸಿದರೆ ಅದು ನಿಮ್ಮ ಕೈಗೆ ಹಿಡಿಸಿದ ಹಾಸಿಗೆ, ಅವರ ಮೈಗೆ ಅಲ್ಲ. ಸಂಕೋಚ ಬೇಡ ಅಂತ ಹೇಳಿ ಹತ್ತು ಹದಿನೈದು ನಿಮಿಷ ಮಲಗಿಸಿ, ಅದೂ ಮನೆಯಲ್ಲಿ ಮಲಗುವ ಹಾಗೇ ಮಗ್ಗುಲಾಗಿ. ಎರಡೂ ಕಡೆಗೆ ಹೊರಳಲಿ. ಯಾರೂ ಕೈ ಕೊಡದೆ ಏಳಲಿ. ಅಂಗಾತ ಮಲಗಿದಾಗ ಸೊಂಟದ ಕೆಳಗೆ ನಿಮ್ಮ ಕೈ ತೂರಿಸಿ ನೋಡಿ. ಸಲೀಸಾಗಿ ಹಾದುಹೋದರೆ ಹಾಸಿಗೆ ಜಾಸ್ತಿ ಗಟ್ಟಿ, ಕೈಯೇ ಹೋಗದಿದ್ದರೆ ಜಾಸ್ತಿ ಮೆತ್ತಗೆ.

ದಿಂಬು, ಹೊದಿಕೆಯೂ ಲೆಕ್ಕಕ್ಕೆ ಬರುತ್ತವೆ. ಮಗ್ಗುಲಾಗಿ ಮಲಗುವಾಗ ಎರಡು ಮಂಡಿಯ ನಡುವೆ ಒಂದು ತೆಳು ದಿಂಬು ಇಟ್ಟುಕೊಂಡರೆ ಮೂಳೆಗೆ ಮೂಳೆ ಒತ್ತುವುದಿಲ್ಲ. ಆದರೆ ಅಂಗಾತ ಮಲಗಿ ಮಂಡಿ ಕೆಳಗೆ ದಿಂಬು ಕೊಟ್ಟುಕೊಂಡು ರಾತ್ರಿಯೆಲ್ಲ ಮಲಗುವ ಅಭ್ಯಾಸ ಬೇಡ. ಆ ಹೊತ್ತಿಗೆ ಹಾಯೆನಿಸುತ್ತದೆ, ನಿಜ. ದಿನಾ ಹಾಗೇ ಮಲಗಿದರೆ ಮಂಡಿ ಮಡಚಿದಂತೆಯೇ ಹಿಡಿದುಕೊಂಡು, ಕಾಲು ಪೂರ್ತಿ ನೀಡುವುದೇ ಕಷ್ಟವಾಗಬಹುದು. ಚಳಿಗೆ ಒಂದರ ಮೇಲೊಂದು ಭಾರದ ರಗ್ಗು ಹೊದಿಸುವ ಬದಲು ಹಗುರವಾದ, ಬೆಚ್ಚನೆಯ ಒಂದೇ ಹೊದಿಕೆ ಕೊಡಿ. ಹೊರಳಲು ಸುಲಭ. ಮಲಗುವ ಮೊದಲು ಹದಿನೈದು ನಿಮಿಷ ಬಿಸಿನೀರಿನ ಬ್ಯಾಗಿನಿಂದ ಮಂಡಿಗೆ ಶಾಖ ಕೊಡಬಹುದು. ಅದನ್ನು ಇಟ್ಟುಕೊಂಡೇ ನಿದ್ದೆ ಹೋಗಬಾರದು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿಯುವವರಿಗೆ ಸುಟ್ಟಿದ್ದೇ ತಿಳಿಯದೆ ಹೋಗಬಹುದು.

ಆನ್‌ಲೈನಿನಲ್ಲಿ ತರಿಸುವುದಾದರೆ ಇಂತಿಷ್ಟು ದಿನ ಮಲಗಿ ನೋಡಿ, ಬೇಡವಾದರೆ ವಾಪಸ್ ಕೊಡಿ ಅನ್ನುವ ಕಂಪನಿಗಳಿವೆ. ನಿಮ್ಮ ಊರಿನ ಪಿನ್‌ಕೋಡಿಗೆ ಬಂದು ವಾಪಸ್ ಒಯ್ಯುತ್ತಾರಾ ಅಂತ ದುಡ್ಡು ಕಟ್ಟುವ ಮೊದಲೇ ಕೇಳಿ. ತೋಟದ ಮನೆಗಳಿಗೆ ಎಲ್ಲರೂ ಬರುವುದಿಲ್ಲ. ಹೊಸ ಹಾಸಿಗೆಗೆ ಮೈ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು, ಮೊದಲ ವಾರವೇ ಬೇಜಾರಾಗಬೇಡಿ. ಅಷ್ಟು ದಿನವಾದ ಮೇಲೂ ಬೆಳಗಿನ ಹಿಡಿತ ಮೊದಲಿಗಿಂತ ಜಾಸ್ತಿಯೇ ಇದ್ದರೆ ಗಡುವು ಮುಗಿಯುವ ಮೊದಲು ವಾಪಸ್ ಕೊಟ್ಟುಬಿಡಿ. ರಸೀದಿ ಜೋಪಾನ.