ತ್ರಿಶೂಲ್ ಸೋತದ್ದು ಎಲ್ಲಿ?

ನಮ್ಮ ರೇಡಾರ್ ವಿಭಾಗಕ್ಕೆ ಹೊಸದಾಗಿ ಸೇರುವ ಹುಡುಗರು ಪದೇ ಪದೇ ಕೇಳುವ ಪ್ರಶ್ನೆ ಇದು. 1983ರಲ್ಲಿ ಅಬ್ದುಲ್ ಕಲಾಂ ನೇತೃತ್ವದಲ್ಲಿ ಐದು ಕ್ಷಿಪಣಿಗಳ ಕೆಲಸ ಶುರುವಾಯಿತು. ಅದರಲ್ಲಿ ವಿಮಾನ ಹೊಡೆಯುವವು ಎರಡು, ತ್ರಿಶೂಲ್ ಮತ್ತು ಆಕಾಶ್. ತ್ರಿಶೂಲ್‌ನ ವ್ಯಾಪ್ತಿ 9 ಕಿ.ಮೀ., ಆಕಾಶ್‌ನದು 25 ಕಿ.ಮೀ. ಚಿಕ್ಕದೇ ಸುಲಭ ಅನಿಸುತ್ತದೆ, ಅಲ್ವಾ? ಆದದ್ದು ಉಲ್ಟಾ, ಆಕಾಶ್ ಗೆದ್ದಿತು, ತ್ರಿಶೂಲ್ ಸೋತಿತು.

ಕಷ್ಟವಿದ್ದದ್ದು ರಾಕೆಟ್‌ನಲ್ಲಲ್ಲ, ಅದನ್ನು ನಡೆಸುವ ಕಿರಣದಲ್ಲಿ ಎಂಬುದು ನನ್ನ ಅಭಿಪ್ರಾಯ. ತ್ರಿಶೂಲ್‌ಗೆ ಸ್ವಂತ ಕಣ್ಣಿಲ್ಲ. ಕೆಳಗಿನ ರೇಡಾರ್ ಗುರಿಯನ್ನು ನೋಡುತ್ತಲೇ ಕ್ಷಿಪಣಿಯನ್ನೂ ಅದೇ ನೇರದಲ್ಲಿ ಇಟ್ಟುಕೊಳ್ಳಬೇಕು. ಹಾರಿದ ಕೂಡಲೇ ಅಗಲವಾದ ಕಿರಣ ಅದನ್ನು ಹಿಡಿಯುತ್ತದೆ. ಅಲ್ಲಿಂದ ಎರಡನೆಯದಕ್ಕೆ, ಕೊನೆಗೆ ತೀರಾ ಕಿರಿದಾದ ಕಿರಣಕ್ಕೆ ದಾಟಿಸಬೇಕು. ರಿಲೇ ಓಟದ ಕೋಲಿನ ಹಾಗೆ, ಒಂದು ಕಡೆ ಕೈತಪ್ಪಿದರೆ ಮುಗಿಯಿತು.

ತ್ರಿಶೂಲ್‌ನಿಂದ ನೌಕಾಪಡೆಗೆ ಬೇಕಿದ್ದದ್ದು ಸಮುದ್ರಕ್ಕೆ ಅಂಟಿಕೊಂಡಂತೆ ಬರುವ ಕ್ಷಿಪಣಿಯನ್ನು ಹೊಡೆಯುವ ಕೆಲಸ. ಅಷ್ಟು ಕೆಳಗೆ ನೀರು ಸಿಗ್ನಲನ್ನು ವಾಪಸ್ ಎಸೆಯುತ್ತದೆ. ರೇಡಾರ್‌ಗೆ ಒಂದೇ ಗುರಿ ಎರಡಾಗಿ ಕಾಣುತ್ತದೆ, ನೀರಿನ ಮೇಲೊಂದು, ಕೆಳಗೊಂದು. ಎತ್ತರದ ಅಳತೆ ಓಲಾಡತೊಡಗುತ್ತದೆ. ಈ ಕೆಲಸ ಮಾಡಿದವರಿಗೆ ಗೊತ್ತು, ಇದು ಸುಮ್ನೆ ಬಗೆಹರಿಯುವ ತೊಂದರೆಯಲ್ಲ. ಕೊನೆಗೆ ನೌಕಾಪಡೆ ಅದರ ಬದಲು ಇಸ್ರೇಲಿನ ಬರಾಕ್-1 ಕ್ಷಿಪಣಿ ಕೊಂಡಿತು. 2008ರಲ್ಲಿ ತ್ರಿಶೂಲ್ ಯೋಜನೆ ಮುಚ್ಚಿತು.

ಆಕಾಶ್‌ಗೂ ಸ್ವಂತ ಕಣ್ಣಿರಲಿಲ್ಲ. ಆದರೆ ಅದರ ಹಿಂದೆ ಬೆಂಗಳೂರಿನಲ್ಲಿರುವ ಡಿಆರ್‌ಡಿಒದ ರೇಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇ ರೂಪಿಸಿದ ರಾಜೇಂದ್ರ ರೇಡಾರ್ ಇತ್ತು. ಇದರಲ್ಲಿ ಸುಮಾರು 4,000 ಫೇಸ್ ಶಿಫ್ಟರ್‌ಗಳು, ಅಂದರೆ ರೇಡಿಯೋ ಅಲೆಯನ್ನು ತುಸು ಹಿಂದೆ ಮುಂದೆ ಸರಿಸುವ ಬಿಡಿಭಾಗಗಳು, ಕಿರಣವನ್ನು ಬೇಕಾದ ಕಡೆಗೆ ಹೊರಳಿಸುತ್ತವೆ, ಆಂಟೆನಾ ಅಲುಗಾಡಬೇಕಿಲ್ಲ. 64 ಗುರಿಗಳ ಮೇಲೆ ಕಣ್ಣಿಟ್ಟು, ನಾಲ್ಕರ ಮೇಲೆ ಏಕಕಾಲಕ್ಕೆ ಕ್ಷಿಪಣಿ ಬಿಡಬಹುದು. ಜೊತೆಗೆ ರಾಮ್‌ಜೆಟ್. ಮಾಮೂಲಿ ರಾಕೆಟ್ ಬೇಗ ಉರಿದು ಮುಗಿಯುತ್ತದೆ, ಉಳಿದ ದಾರಿಯಲ್ಲಿ ವೇಗ ಕಳೆದುಕೊಳ್ಳುತ್ತದೆ. ಆಕಾಶ್‌ನ ಬೂಸ್ಟರ್ 4.5 ಸೆಕೆಂಡು ಉರಿದ ಮೇಲೆ, ಹೊರಗಿನ ಗಾಳಿಯನ್ನೇ ಒಳಗೆಳೆದುಕೊಂಡು ರಾಮ್‌ಜೆಟ್ ಸುಮಾರು 30 ಸೆಕೆಂಡು ಉರಿಯುತ್ತದೆ. ವಿಮಾನ ಗಕ್ಕನೆ ತಿರುಗಿದರೂ ಬೆನ್ನಟ್ಟುವ ಶಕ್ತಿ ಇರುತ್ತದೆ.

ಹಾಗಂತ ಇದೂ ಬೇಗ ಆಗಲಿಲ್ಲ. ಮೊದಲ ಹಾರಾಟ 1990ರಲ್ಲಿ, ಸೇನೆಗೆ ಸೇರಿದ್ದು 2015ರಲ್ಲಿ. ಪ್ರಹ್ಲಾದ ರಾಮರಾವ್ ಮುನ್ನಡೆಸಿದ ತಂಡದ ತಾಳ್ಮೆಗೆ ನಾವು ಕೊಡುವ ಗೌರವ ಕಡಿಮೆಯೇ. 2025ರ ಆಪರೇಷನ್ ಸಿಂಧೂರದ ನಂತರವಷ್ಟೇ ಜನ ಆಕಾಶ್ ಬಗ್ಗೆ ಜಾಸ್ತಿ ಮಾತಾಡಿದರು.

ತ್ರಿಶೂಲ್‌ಗೆ ವಹಿಸಿದ್ದ ಸಮುದ್ರದ ಕೆಲಸ ಈಗ ವಿಎಲ್-ಎಸ್‌ಆರ್‌ಎಸ್‌ಎಎಂ ಎಂಬ, ಹಡಗಿನಿಂದ ನೆಟ್ಟಗೆ ಮೇಲಕ್ಕೆ ಹಾರುವ ಕಿರುವ್ಯಾಪ್ತಿಯ ಕ್ಷಿಪಣಿಗೆ ಬಂದಿದೆ. ಯುದ್ಧವಿಮಾನದಿಂದ ಬಿಡುವ ‘ಅಸ್ತ್ರ’ ಎಂಬ ಕ್ಷಿಪಣಿಯಿಂದ ಬೆಳೆದ ಇದು 2021ರಲ್ಲಿ ಒಡಿಶಾದ ಚಾಂದಿಪುರದ ಬಳಿ ಮೊದಲು ಹಾರಿತು. ಇದರ ಮೂತಿಯಲ್ಲೇ ಪುಟ್ಟ ರೇಡಾರ್ ಇದೆ. ಕೊನೆಯ ಹಂತದಲ್ಲಿ ಗುರಿಯನ್ನು ತಾನೇ ಹುಡುಕಿ ಹಿಡಿಯುತ್ತದೆ, ಹಡಗಿನ ಕಿರಣವನ್ನೇ ನಂಬಿ ಹಾರಬೇಕಿಲ್ಲ.