ವಿತಿನ್ಯೊ ಔತೋಕ್ತೊನೊ: ಇಟಲಿಯ ಬಿಳಿ ವೈನ್‌ಗಳ ನಾಡ ದ್ರಾಕ್ಷಿ

ಇಟಲಿಯ ಬಿಳಿ ವೈನ್ ಅಂದರೆ ಜಾಸ್ತಿ ಜನರ ಬಾಯಿಗೆ ಬರುವ ಹೆಸರು ಪಿನೋ ಗ್ರಿಜೊ. ಆದರೆ ಆ ದ್ರಾಕ್ಷಿ ಫ್ರಾನ್ಸಿನದು. ಇಟಲಿಯಲ್ಲೇ ಹುಟ್ಟಿ, ಅಲ್ಲಿನ ಯಾವುದೋ ಬೆಟ್ಟ ಕಣಿವೆಗೆ ಅಂಟಿಕೊಂಡು ಬೆಳೆದ ತಳಿಗೆ ಅಲ್ಲಿನವರು ‘ವಿತಿನ್ಯೊ ಔತೋಕ್ತೊನೊ’ ಎನ್ನುತ್ತಾರೆ, ಅಂದರೆ ಅದೇ ನೆಲದ ದ್ರಾಕ್ಷಿ ತಳಿ. ಇದು ಸುಮ್ನೆ ಮಾರಾಟಕ್ಕಾಗಿ ಹುಟ್ಟಿದ ಮಾತಲ್ಲ. 2016ರ ವೈನ್ ಕಾನೂನಿನಲ್ಲೇ ಇದಕ್ಕೆ ಅರ್ಥ ಬರೆದಿದ್ದಾರೆ: ಮೂಲ ಇಟಲಿಯೇ ಎಂದು ಸಾಬೀತಾಗಿರಬೇಕು, ಗೊತ್ತಾದ ಪ್ರದೇಶದಲ್ಲಿ ಬೆಳೆಯುತ್ತಿರಬೇಕು. ಡಿಒಸಿಜಿ, ಡಿಒಸಿ, ಐಜಿಟಿ (ವೈನ್ ಯಾವ ಪ್ರದೇಶದ್ದೆಂದು ಕಾನೂನು ಗುರುತಿಸುವ ಮೂರು ದರ್ಜೆಗಳು) ದರ್ಜೆಯ ವೈನ್‌ಗಳು ಮಾತ್ರ ಲೇಬಲ್ ಮೇಲೆ ಈ ಪದ ಹಾಕಿಕೊಳ್ಳಬಹುದು.

ಇಟಲಿಯ ಸರ್ಕಾರಿ ಪಟ್ಟಿಯಲ್ಲಿ ವೈನ್ ದ್ರಾಕ್ಷಿಯ ತಳಿಗಳು 500ಕ್ಕೂ ಹೆಚ್ಚಿವೆ. ಅವುಗಳಲ್ಲಿ ಕೆಲವು ಇವತ್ತು ಉಳಿದಿರುವುದು ಯಾರೋ ಒಬ್ಬಿಬ್ಬರು ಹಟ ಹಿಡಿದದ್ದರಿಂದ. ನನಗೆ ಬಹಳ ಇಷ್ಟವಾದದ್ದು ತಿಮೊರಾಸ್ಸೊ. ವಾಯವ್ಯ ಇಟಲಿಯ ಪಿಯೆಮೊಂತೆ ಪ್ರದೇಶದ ಆಗ್ನೇಯ ಮೂಲೆಯ ತೊರ್ತೋನಾ ಬೆಟ್ಟಗಳಲ್ಲಿ ಒಂದು ಕಾಲಕ್ಕೆ ಎಲ್ಲ ಕಡೆ ಇದೇ ಇತ್ತು. 19ನೇ ಶತಮಾನದ ಕೊನೆಗೆ ಫಿಲಾಕ್ಸೆರಾ ಎಂಬ ಕೀಟ ಯೂರೋಪಿನ ಬಳ್ಳಿಗಳ ಬೇರು ತಿಂದು ಹಾಕಿತು. ತೋಟಗಳನ್ನು ಮತ್ತೆ ಕಟ್ಟುವಾಗ ರೈತರು ಬಾರ್ಬೆರಾ, ಕೊರ್ತೇಸೆ ಎಂಬ ತಳಿಗಳನ್ನು ನೆಟ್ಟರು. ಒಂದು ವರ್ಷ ಫಸಲು ಕೊಟ್ಟು ಇನ್ನೊಂದು ವರ್ಷ ಕೈಕೊಡುವ ತಿಮೊರಾಸ್ಸೊವನ್ನು ಯಾರು ತಾನೇ ನೆಡುತ್ತಾರೆ, ಅಲ್ವಾ? ಮೊನ್‌ಲೆಯಾಲೆ ಎಂಬ ಹಳ್ಳಿಯ ವಾಲ್ಟರ್ ಮಾಸ್ಸಾ ನೆಟ್ಟರು. 1980ರ ದಶಕದಲ್ಲಿ, ಹೆಚ್ಚುಕಡಿಮೆ ಮಾಯವಾಗಿದ್ದ ಈ ತಳಿಯಿಂದಲೇ ಬೇರೆಯಾಗಿ ವೈನ್ ಮಾಡಿ ನೋಡಿದರು. ಆಮೇಲೆ ನೆರೆಯವರೂ ಬಂದರು, ಈಗ ತೊರ್ತೋನಾದ ಹಳೆಯ ಹೆಸರು ‘ದೆರ್ತೋನಾ’ ಅಂತಲೇ ಆ ವೈನ್ ಮಾರಾಟವಾಗುತ್ತದೆ. ಬಿಳಿ ವೈನ್ ಬೇಗ ಕುಡಿದು ಮುಗಿಸಬೇಕು ಎನ್ನುವವರು ಇದನ್ನು ನೋಡಬೇಕು: ಕೆಲವು ವರ್ಷ ಇಟ್ಟರೆ ಜೇನಿನ ವಾಸನೆ, ಸಣ್ಣಗೆ ಪೆಟ್ರೋಲಿನ ವಾಸನೆ ಬಂದು ಇನ್ನೂ ಚೆನ್ನಾಗುತ್ತದೆ.

ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ಮೇಲಿನ ಕಾರ್ರಿಕಾಂತೆಯೂ ಹೀಗೇ ತಾಳುವ ದ್ರಾಕ್ಷಿ, ಹುಳಿ ಜೋರು. ‘ಎಟ್ನಾ ಬಿಯಾಂಕೊ ಸುಪೆರಿಯೋರೆ’ ಅಂತ ಬರೆಯಬೇಕಾದರೆ ಹಣ್ಣು ಪೂರ್ವ ಇಳಿಜಾರಿನ ಮಿಲೊ ಊರಿನದ್ದೇ ಆಗಿರಬೇಕು.

ಗೊಂದಲ ಹುಟ್ಟುವುದು ಹೆಸರುಗಳಿಂದ. ಈಶಾನ್ಯ ಇಟಲಿಯ ಸೊಆವೆ ಊರಿನ ಸುತ್ತ ಬೆಳೆಯುವ ‘ತ್ರೆಬ್ಬಿಯಾನೊ ದಿ ಸೊಆವೆ’ಯ ಡಿಎನ್ಎ ನೋಡಿದಾಗ ಅದು ಮಧ್ಯ ಇಟಲಿಯ ಮಾರ್ಕೆ ಪ್ರದೇಶದ ವೆರ್ದಿಕ್ಕಿಯೊ ತಳಿಯೇ ಎಂದು ತಿಳಿಯಿತು. ತೊಸ್ಕಾನಾದ ತ್ರೆಬ್ಬಿಯಾನೊಗೂ ಇದಕ್ಕೂ ಹೆಸರು ಬಿಟ್ಟರೆ ಬೇರೆ ಸಂಬಂಧವಿಲ್ಲ. ಇಟಲಿಯ ಈಶಾನ್ಯ ಮೂಲೆಯ ಫ್ರಿಯುಲಿಯಲ್ಲಿ ಇನ್ನೂ ಕಷ್ಟ. ಅಲ್ಲಿನವರು ತಲೆಮಾರುಗಳಿಂದ ತಮ್ಮದೆಂದು ಕುಡಿಯುವ ಫ್ರಿಯುಲಾನೊ, ಫ್ರಾನ್ಸಿನ ಸೊವಿನ್ಯೊನಾಸ್ ತಳಿ. ಅದೇ ಹೆಸರಿನ ವೈನ್ ಇರುವ ಹಂಗೆರಿಯ ಜೊತೆಗಿನ ಜಗಳದಲ್ಲಿ 2007ರಲ್ಲಿ ‘ತೊಕಾಯ್’ ಎಂಬ ಹಳೆಯ ಹೆಸರೂ ಅದರ ಕೈಬಿಟ್ಟಿತು. ಕಾನೂನಿನ ಅಳತೆಗೆ ಅದು ಔತೋಕ್ತೊನೊ ಆಗುವುದಿಲ್ಲ. ನನ್ನ ಮಟ್ಟಿಗೆ, ಅಷ್ಟು ಕಾಲ ಒಂದು ನಾಡಿನ ಊಟದ ಜೊತೆ ಬೆಳೆದ ದ್ರಾಕ್ಷಿಯನ್ನು ಹೊರಗಿನದು ಅನ್ನುವುದು ಸರಿಯಲ್ಲ.

ಲೇಬಲ್ ಓದುವುದು ಹೇಗೆ? ‘ಫಿಯಾನೊ ದಿ ಅವೆಲ್ಲಿನೊ’ದಲ್ಲಿ ‘ದಿ’ಗೆ ಮುಂಚೆ ಇರುವುದು ದ್ರಾಕ್ಷಿ, ಆಮೇಲಿನದು ಊರು. ಸೊಆವೆ, ಗಾವಿ ಎಂದಷ್ಟೇ ಇದ್ದರೆ ಅದು ಊರಿನ ಹೆಸರು. ಸೊಆವೆಯಲ್ಲಿ ಕನಿಷ್ಠ 70% ಗಾರ್ಗಾನೆಗಾ ದ್ರಾಕ್ಷಿ ಇರಬೇಕು, ಗಾವಿ ಪೂರ್ತಿ ಕೊರ್ತೇಸೆ. ಊರು ಬದಲಾದರೆ ಏನಾಗುತ್ತದೆ ಎಂದು ತಿಳಿಯಲು ಎರಡು ವೆರ್ದಿಕ್ಕಿಯೊ ತೆರೆಯಿರಿ, ಒಂದು ಮಾರ್ಕೆಯ ಯೇಸಿ ಊರಿನ ಕಡೆಯದು, ಇನ್ನೊಂದು ಅಲ್ಲಿನದೇ ಮಾತೆಲಿಕಾದ್ದು. ಯೇಸಿಯ ಕಡೆಗೆ ಸಮುದ್ರದ ಗಾಳಿ ಬರುತ್ತದೆ. ಮಾತೆಲಿಕಾದ ಕಣಿವೆ ಸಮುದ್ರಕ್ಕೆ ತೆರೆದುಕೊಂಡಿಲ್ಲ, ಎತ್ತರದಲ್ಲಿದೆ, ರಾತ್ರಿ ಚಳಿ ಹೆಚ್ಚು, ಹಾಗಾಗಿ ಸಾಮಾನ್ಯವಾಗಿ ಅಲ್ಲಿನ ವೈನ್‌ಗೆ ಹುಳಿ ಚುರುಕು.